ಕೊಂದವರ ಬಾಯಲ್ಲೇ ಕಥೆ: ನಿಕ್ ಕೇವ್ ಬಳಗದ ‘ಮರ್ಡರ್ ಬ್ಯಾಲಡ್ಸ್’

ಹತ್ತು ಹಾಡು. ಒಟ್ಟು ಒಂದು ಗಂಟೆಗೆ ಒಂದೆರಡು ನಿಮಿಷ ಕಡಿಮೆ. ಸತ್ತವರನ್ನು ಎಣಿಸುತ್ತ ಹೋದರೆ ಲೆಕ್ಕ ಅರವತ್ತು ದಾಟುತ್ತದೆ. ನಿಕ್ ಕೇವ್ ಅಂಡ್ ದಿ ಬ್ಯಾಡ್ ಸೀಡ್ಸ್ ತಂಡದ ಒಂಬತ್ತನೆಯ ಸ್ಟುಡಿಯೋ ಆಲ್ಬಂ ‘ಮರ್ಡರ್ ಬ್ಯಾಲಡ್ಸ್’ 1996ರ ಫೆಬ್ರುವರಿಯಲ್ಲಿ ಮ್ಯೂಟ್ ರೆಕಾರ್ಡ್ಸ್ ಮೂಲಕ ಬಂತು. ಅಂಗಡಿಯವರು ಇದನ್ನು ಗೋಥಿಕ್ ರಾಕ್ ಕಪಾಟಿನಲ್ಲಿ ಇಡುತ್ತಾರೆ. ಒಳಗಿರುವುದು ಮಾತ್ರ ಅಮೆರಿಕದ ಕಂಟ್ರಿ ಸಂಗೀತದ ಅತಿ ಹಳೆಯ ಸರಕು: ಕೊಲೆಯ ಲಾವಣಿ.

ಆಲ್ಬಂ ಹುಟ್ಟಿದ್ದು ಒಂದು ಹಾಡಿಗೆ ಮನೆ ಇಲ್ಲದ್ದರಿಂದ. ‘ಓ’ಮ್ಯಾಲೀಸ್ ಬಾರ್’ ಎಂಬ ಹದಿನಾಲ್ಕೂವರೆ ನಿಮಿಷದ ಹಾಡನ್ನು ಕೇವ್ ಬರೆದದ್ದು 1992ರ ‘ಹೆನ್ರೀಸ್ ಡ್ರೀಮ್’ ಆಲ್ಬಮಿನ ಕಾಲದಲ್ಲೇ. ಅಷ್ಟು ಉದ್ದದ, ಅಷ್ಟು ರಕ್ತದ ಹಾಡನ್ನು ಬೇರೆ ಯಾವ ಆಲ್ಬಮಿನಲ್ಲಿಟ್ಟರೂ ಅಕ್ಕಪಕ್ಕದ ಹಾಡುಗಳೆಲ್ಲ ಸತ್ತುಹೋಗುತ್ತವೆ. ಆದ್ದರಿಂದ ಅದಕ್ಕೆ ಒಗ್ಗುವ ನೆರೆಹೊರೆಯನ್ನೇ ಕಟ್ಟಬೇಕಾಯಿತು. ಇದನ್ನು ಕಾನ್ಸೆಪ್ಟ್ ಆಲ್ಬಂ ಎನ್ನುವುದು ಈ ಅರ್ಥದಲ್ಲಿ. ಮೊದಲಿನಿಂದ ಕೊನೆಯವರೆಗೆ ಸಾಗುವ ಒಂದೇ ಕಥೆ ಇಲ್ಲ, ಪಾತ್ರಗಳು ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಕೊಲೆ ಎಂಬ ಒಂದೇ ವಿಷಯವನ್ನು ಹತ್ತು ಬಾಯಿಗಳಿಗೆ ಕೊಟ್ಟು, ಯಾವ ಬಾಯಲ್ಲಿ ಅದು ಹೇಗೆ ಬದಲಾಗುತ್ತದೆ ಎಂದು ನೋಡುವ ಆಲ್ಬಂ ಇದು. ಹೇಳುವವರು ಯಾರು, ಕೇಳಿಸಿಕೊಳ್ಳುತ್ತಿರುವವರು ಯಾರು ಎಂಬ ಎರಡು ಪ್ರಶ್ನೆ ಹಿಡಿದು ಕೇಳಿದರೆ ಯಾವ ಹಾಡು ಗೆದ್ದಿದೆ, ಯಾವುದು ಬಿದ್ದಿದೆ, ಏಕೆ ಬಿದ್ದಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಸರಕಿನ ಮೂಲ ಗೊತ್ತಿದ್ದರೆ ಕೇಳುವುದು ಸುಲಭ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಗಲ್ಲಿಗೇರುವವನ ತಪ್ಪೊಪ್ಪಿಗೆಯನ್ನು ಪದ್ಯವಾಗಿಸಿ ಒಂದು ಹಾಳೆಯಲ್ಲಿ ಅಚ್ಚುಹಾಕಿ ಬೀದಿಯಲ್ಲಿ ಮಾರುತ್ತಿದ್ದರು. ವಲಸೆ ಹೋದವರ ಜೊತೆ ಆ ಪದ್ಯಗಳು ಅಮೆರಿಕದ ಅಪಲೇಚಿಯನ್ ಗುಡ್ಡಗಳಿಗೆ ಹೋದವು. ಅಲ್ಲಿ ಊರಿನ ಹೆಸರು, ನದಿಯ ಹೆಸರು ಬದಲಾಗಿ ಬ್ಯಾಂಜೊ, ಪಿಟೀಲುಗಳ ಜೊತೆ ಕಂಟ್ರಿ ಸಂಗೀತದೊಳಗೆ ಸೇರಿಕೊಂಡವು. 1868ರಲ್ಲಿ ನಾರ್ತ್ ಕೆರೊಲೈನಾದಲ್ಲಿ ಗಲ್ಲಿಗೇರಿದ ಟಾಮ್ ಡ್ಯೂಲಾನ ಹಾಡು ತೊಂಬತ್ತು ವರ್ಷಗಳ ನಂತರ ಕಿಂಗ್‌ಸ್ಟನ್ ಟ್ರಯೋ ಬಾಯಲ್ಲಿ ಅಮೆರಿಕವಿಡೀ ಗುನುಗುವ ಹಾಡಾಯಿತು. ಲೂವಿನ್ ಸಹೋದರರು 1956ರಲ್ಲಿ ‘ನಾಕ್ಸ್‌ವಿಲ್ ಗರ್ಲ್’ ಹಾಡಿದಾಗ ಪ್ರೇಯಸಿಯನ್ನು ಬಡಿದು ಕೊಂದು ನದಿಗೆ ಎಸೆದವನ ಕಥೆಯನ್ನು ಚರ್ಚಿನ ಸ್ತೋತ್ರದಷ್ಟೇ ಇಂಪಾದ ಜೋಡಿ ದನಿಯಲ್ಲಿ ಹಾಡಿದರು. ಆ ಇಂಪೇ ಈ ಪರಂಪರೆಯ ಭಯ. ಕೊಂದವನೇ ಹೇಳುತ್ತಾನೆ, ನಾವು ತಲೆದೂಗುತ್ತೇವೆ.

ಕೇವ್ ಹುಟ್ಟಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಾರಕ್ನಬೀಲ್ ಎಂಬ ಸಣ್ಣ ಊರಿನಲ್ಲಿ, 1957ರಲ್ಲಿ. ಅಮೆರಿಕದ ದಕ್ಷಿಣ ಅವನಿಗೆ ದಕ್ಕಿದ್ದು ಹಾಡುಗಳಿಂದ, ಬೈಬಲ್‌ನಿಂದ. ‘ಮರ್ಡರ್ ಬ್ಯಾಲಡ್ಸ್’ ಬರುವ ಹತ್ತು ವರ್ಷ ಮೊದಲೇ ಅರ್ಕಾನ್ಸಸ್ ಮೂಲದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಮೊದಲಾದವರ ಹಾಡುಗಳನ್ನು ಹಾಡಿದ ಒಂದು ಪೂರ್ತಿ ಆಲ್ಬಂ ಮಾಡಿದ್ದ. 2000ದಲ್ಲಿ ಕ್ಯಾಶ್ ತಾನೇ ಕೇವ್‌ನ ‘ದಿ ಮರ್ಸಿ ಸೀಟ್’ ಹಾಡಿದ. ಆಸ್ಟ್ರೇಲಿಯಾದವನಿಗೆ ಅರ್ಕಾನ್ಸಸ್ ಏಕೆ ಎಂದು ಕೇಳುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಮೊದಲ ಹಾಡು ‘ಸಾಂಗ್ ಆಫ್ ಜಾಯ್’. ಆನಂದದ ಹಾಡು ಎಂಬ ಹೆಸರು. ಜಾಯ್ ಎಂಬುದು ಹೆಂಡತಿಯ ಹೆಸರೂ ಹೌದು. ಚಳಿಯ ರಾತ್ರಿ ಒಬ್ಬ ಅಲೆಮಾರಿ ಯಾರದೋ ಮನೆಯ ಬಾಗಿಲಲ್ಲಿ ನಿಂತು ಆಶ್ರಯ ಕೇಳುತ್ತ ತನ್ನ ಕಥೆ ಹೇಳುತ್ತಾನೆ. ಮದುವೆಯಾದೆ, ಮೂವರು ಹೆಣ್ಣುಮಕ್ಕಳಾದರು, ನಾನು ವೈದ್ಯನಾಗಿದ್ದೆ, ರೋಗಿಯೊಬ್ಬನನ್ನು ನೋಡಿ ಬರುವಷ್ಟರಲ್ಲಿ ನಾಲ್ವರನ್ನೂ ಯಾರೋ ಕೊಂದಿದ್ದರು ಎನ್ನುತ್ತಾನೆ. ಕೊಂದವನು ಗೋಡೆಯ ಮೇಲೆ ರಕ್ತದಲ್ಲಿ ಮಿಲ್ಟನ್ ಕವಿಯ ಸಾಲು ಬರೆದಿದ್ದ, ಅವನು ಇನ್ನೂ ಸಿಕ್ಕಿಲ್ಲ. ಆ ಸಾಲಿನಲ್ಲಿ ಬರುವ ‘ಕೆಂಪು ಬಲಗೈ’ ಇದರ ಹಿಂದಿನ, 1994ರ ಆಲ್ಬಮಿನ ಪ್ರಸಿದ್ಧ ಹಾಡಿನ ಹೆಸರು; ಎರಡು ಆಲ್ಬಂಗಳ ನಡುವಿನ ಕೊಂಡಿ ಅಲ್ಲಿದೆ. ಇಷ್ಟು ಕೇಳಿ ಅಯ್ಯೋ ಪಾಪ ಎನ್ನುವ ಹೊತ್ತಿಗೆ ಒಂದು ಸಂಗತಿ ಗಮನಕ್ಕೆ ಬರಬೇಕು: ಕಥೆ ಹೇಳುತ್ತಿರುವವನ ಮಾತಿನಲ್ಲೂ ಮಿಲ್ಟನ್ ಸಾಲು ಇಣುಕುತ್ತದೆ. ಕೊನೆಯಲ್ಲಿ ಅವನು ಮನೆಯಾತನನ್ನು ನೀವು ಸಂಸಾರಸ್ಥರು ಎನ್ನುತ್ತಾನೆ, ಒಳಗೆ ಕರೆಯುತ್ತಿದ್ದೀರಾ ಎಂದು ಕೇಳುತ್ತಾನೆ. ಕೇವ್ ಎಲ್ಲೂ ಗುಟ್ಟು ಬಿಚ್ಚುವುದಿಲ್ಲ. ಹೇಳುವವನ ಮುಂದೆ ಒಬ್ಬ ಕೇಳುಗನನ್ನು ನಿಲ್ಲಿಸಿ, ಆ ಕೇಳುಗನ ಹೊಸ್ತಿಲ ಮೇಲೆ ನಮ್ಮನ್ನೂ ನಿಲ್ಲಿಸುತ್ತಾನೆ. ವಾದ್ಯಗಳೂ ಅದಕ್ಕೆ ತಕ್ಕಂತೆ ಹಿಂದೆ ಸರಿದು ನಿಂತಿವೆ. ದನಿ ಏರಿಸಿ ಹೆದರಿಸುವ ಯತ್ನ ಎಲ್ಲೂ ಇಲ್ಲ. ಮೊದಲ ಸಲಕ್ಕೆ ಇದು ನಿಧಾನ ಎನಿಸುವುದು ಸಹಜ. ಸಾಹಿತ್ಯ ಕೈಯಲ್ಲಿಟ್ಟುಕೊಂಡು ಎರಡನೆಯ ಸಲ ಕೇಳಿದಾಗ ಬೆನ್ನಹುರಿಗೆ ತಣ್ಣನೆ ತಾಗುತ್ತದೆ.

‘ಸ್ಟಾಗರ್ ಲೀ’ಗೆ ಇತಿಹಾಸವಿದೆ. 1895ರ ಕ್ರಿಸ್‌ಮಸ್ ರಾತ್ರಿ ಸೇಂಟ್ ಲೂಯಿಸ್ ನಗರದ ಸಲೂನೊಂದರಲ್ಲಿ ಲೀ ಶೆಲ್ಟನ್ ಎಂಬವನು ಟೋಪಿಯ ಜಗಳದಲ್ಲಿ ಬಿಲ್ಲಿ ಲಯನ್ಸ್ ಎಂಬವನಿಗೆ ಗುಂಡು ಹೊಡೆದ. ಅದು ಹಾಡಾಗಿ ದೇಶವೆಲ್ಲ ಹರಡಿತು. ಮಿಸಿಸಿಪ್ಪಿ ಜಾನ್ ಹರ್ಟ್ 1928ರಲ್ಲಿ ಹಾಡಿದ್ದು ಬಹಳ ಸೌಮ್ಯ, ಲಾಯ್ಡ್ ಪ್ರೈಸ್ ಹಾಡಿದ್ದು 1959ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿತು. ಕೇವ್ ಹಿಡಿದದ್ದು ಬೇರೆ ಕವಲು. ಕಪ್ಪು ಅಮೆರಿಕನ್ನರ ಜೈಲು, ಗಲ್ಲಿಗಳಲ್ಲಿ ‘ಟೋಸ್ಟ್’ ಎಂಬ ಬಡಾಯಿಯ ಬಾಯಿಪಾಠದ ಪದ್ಯಗಳಿದ್ದವು. ಅವನ್ನು ಸಂಗ್ರಹಿಸಿದ 1976ರ ಪುಸ್ತಕವೊಂದರಿಂದ ಬಹುಪಾಲು ಸಾಲುಗಳು ಬಂದಿವೆ. ಕಾಲವನ್ನು 1932ಕ್ಕೆ ತಂದಿದ್ದಾನೆ, ಟೋಪಿಯ ಜಗಳ ಬಿಟ್ಟಿದ್ದಾನೆ. ಇಲ್ಲಿ ಹೇಳುವವನು ಒಬ್ಬ ವ್ಯಕ್ತಿ ಅಲ್ಲ, ಬಾರಿನಲ್ಲಿ ಸೇರಿದ ಗುಂಪಿನ ಬಾಯಿ. ಅದಕ್ಕೇ ಭಾಷೆ ಅಷ್ಟು ಹೊಲಸು. ಬೈಗುಳ ಇಡೀ ಆಲ್ಬಮಿನಲ್ಲಿ ಇದರಲ್ಲೇ ಹೆಚ್ಚು. ಲೈಂಗಿಕ ಅವಮಾನದ ದೃಶ್ಯವೂ ಇದೆ. ಮನೆಮಂದಿ ಇರುವಾಗ ಸ್ಪೀಕರಿನಲ್ಲಿ ಹಾಕುವ ಹಾಡಲ್ಲ. ಸಂಗೀತವಾಗಿ ಇದು ಮಾರ್ಟಿನ್ ಕೇಸಿಯ ಬೇಸ್ ಗಿಟಾರಿನ ಹಾಡು. ಒಂದೇ ಕೊಂಕು ನಡಿಗೆಯ ಬೇಸ್ ಸುತ್ತು ಮತ್ತೆ ಮತ್ತೆ ಬರುತ್ತದೆ, ನಡುನಡುವೆ ಪಿಯಾನೋ ಮುಷ್ಟಿಯಲ್ಲಿ ಗುದ್ದಿದಂತೆ ಬೀಳುತ್ತದೆ, ಕೊನೆಗೆ ತಂಡದ ಗಿಟಾರ್ ವಾದಕ ಬ್ಲಿಕ್ಸಾ ಬಾರ್ಗೆಲ್ಡ್ ಕಿರುಚುತ್ತಾನೆ. ಆ ಕಿರುಚು ಹಾಡಿನ ಬಿಲ್ಲಿಯದು ಎಂದು ನನ್ನ ಓದು, ಸತ್ತವನಿಗೆ ಸಿಕ್ಕ ಕೊನೆಯ ಮಾತು.

‘ಹೆನ್ರಿ ಲೀ’ ತೀರಾ ಹಳೆಯ ಸ್ಕಾಟಿಷ್ ಲಾವಣಿಯಿಂದ ಬಂದದ್ದು. ಹಳೆಯ ಇಂಗ್ಲಿಷ್, ಸ್ಕಾಟಿಷ್ ಲಾವಣಿಗಳನ್ನು ಕೂಡಿಸಿದ ಫ್ರಾನ್ಸಿಸ್ ಚೈಲ್ಡ್ ಎಂಬ ವಿದ್ವಾಂಸನ ಸಂಗ್ರಹದಲ್ಲಿ 68ನೆಯ ಸಂಖ್ಯೆ. ಅಮೆರಿಕದ ಜಾನಪದ ಹಾಡುಗಳ 1952ರ ಹೆಸರಾಂತ ಸಂಕಲನ ಶುರುವಾಗುವುದೇ ಈ ಹಾಡಿನಿಂದ. ಇಲ್ಲಿ ಕೊಲ್ಲುವವಳು ಹೆಣ್ಣು: ನಿನಗಿಂತ ಹೆಚ್ಚಾಗಿ ನಾನು ಪ್ರೀತಿಸುವವಳೊಬ್ಬಳು ಇದ್ದಾಳೆ ಎಂದವನನ್ನು ಪುಟ್ಟ ಚಾಕುವಿನಿಂದ ಇರಿದು ನೂರಡಿ ಬಾವಿಗೆ ಹಾಕುತ್ತಾಳೆ. ಇಂಗ್ಲಿಷ್ ಗಾಯಕಿ ಪಿಜೆ ಹಾರ್ವಿ ಅವಳ ದನಿ. ಮೂಲದಲ್ಲಿ ಎಲ್ಲವನ್ನೂ ನೋಡಿದ ಹಕ್ಕಿ ಮಾತಾಡುತ್ತದೆ. ಪಂಜರ ಕೊಡುತ್ತೇನೆ ಬಾ ಎಂದರೆ, ಅವನಿಗೆ ಮಾಡಿದ್ದನ್ನೇ ನನಗೂ ಮಾಡುವೆ ಎಂದು ದೂರ ಉಳಿಯುತ್ತದೆ. ಕೇವ್ ಹಕ್ಕಿಯ ಮಾತನ್ನು ಕಿತ್ತುಹಾಕಿ ಅದನ್ನು ಸುಮ್ಮನೆ ಹೆಣದ ಮೇಲೆ ಇಳಿಸಿದ್ದಾನೆ. ಸಾಕ್ಷಿ ಮೂಕವಾಯಿತು, ಹಾಡು ಸುಂದರವಾಯಿತು. ಮೂಲ ತಿಳಿದವರಿಗೆ ಇದು ಸ್ವಲ್ಪ ನಷ್ಟವೇ.

‘ಲವ್ಲಿ ಕ್ರೀಚರ್’ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಒಬ್ಬ ಚೆಲುವೆ, ಜೊತೆಯಾಗಿ ಒಂದು ಪಯಣ, ಅವನು ಒಬ್ಬನೇ ಮರಳುವುದು. ಹೇಳುವವನಿಗೆ ಹೇಳುವ ಕಾರಣವಿಲ್ಲ, ಎದುರಿಗೆ ಕೇಳುವವರಿಲ್ಲ. ಮರಳು, ಸ್ಫಿಂಕ್ಸ್, ಪಿರಮಿಡ್ಡುಗಳೆಲ್ಲ ರಂಗಪರದೆಯಂತೆ ಜಾರಿಹೋಗುತ್ತವೆ. ಬೀಸುವ ಲಯವೊಂದು ಚೆನ್ನಾಗಿದೆ, ಅಷ್ಟೇ.

ಆಮೇಲೆ ‘ವೇರ್ ದಿ ವೈಲ್ಡ್ ರೋಸಸ್ ಗ್ರೋ’. ಕೈಲಿ ಮಿನೋಗ್ ಜೊತೆಗಿನ ಈ ಯುಗಳ ಗೀತೆ ಆಲ್ಬಂಗಿಂತ ಮೊದಲೇ, 1995ರ ಅಕ್ಟೋಬರಿನಲ್ಲಿ ಸಿಂಗಲ್ ಆಗಿ ಬಂತು, ಆಸ್ಟ್ರೇಲಿಯಾದ ಪಟ್ಟಿಯಲ್ಲಿ ಎರಡನೆಯ ಸ್ಥಾನ ತಲುಪಿತು, ಮುಂದಿನ ವರ್ಷ ಅಲ್ಲಿನ ಆರಿಯಾ ಪ್ರಶಸ್ತಿಗಳಲ್ಲಿ ಮೂರನ್ನು ಗೆದ್ದಿತು. ಪಾಪ್ ತಾರೆಯನ್ನು ಕರೆತಂದದ್ದು ಮಾರಾಟದ ತಂತ್ರ ಎಂದು ಬದಿಗಿಡುವವರು ಇದ್ದಾರೆ. ಅವರು ಹಾಡಿನ ಕಟ್ಟಡ ನೋಡಿಲ್ಲ.

ಮೂರು ದಿನದ ಕಥೆ. ದಿನಕ್ಕೆ ಎರಡು ಚರಣ, ಒಂದು ಅವನದು, ಒಂದು ಅವಳದು. ಮೊದಲ ದಿನ ಅವನು ಹೇಳುತ್ತಾನೆ, ನಂತರ ಅವಳು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಸರದಿ ತಿರುಗುತ್ತದೆ: ಅವಳು ಮೊದಲು, ಅವನು ಕೊನೆಗೆ. ಏಕೆಂದರೆ ಅವಳ ಚರಣ ಮುಗಿಯುವಲ್ಲಿ ಅವಳೂ ಮುಗಿದಿರುತ್ತಾಳೆ. ಅದಕ್ಕಿಂತ ಮುಖ್ಯ ಸಂಗತಿ: ಮುಷ್ಟಿಯಲ್ಲಿದ್ದ ಕಲ್ಲಿನ ಮಾತು ಬರುವುದು ಅವಳ ಚರಣದಲ್ಲಿ ಮಾತ್ರ. ಅವನ ಕೊನೆಯ ಚರಣದಲ್ಲಿ ನದಿ ದಂಡೆ ಇದೆ, ಗಾಳಿ ಇದೆ, ಮುತ್ತು ಇದೆ, ಹಲ್ಲಿನ ನಡುವೆ ಇಟ್ಟ ಗುಲಾಬಿ ಇದೆ, ಚೆಲುವೆಲ್ಲ ಸಾಯಲೇಬೇಕು ಎಂಬ ತತ್ವವೂ ಇದೆ. ಕಲ್ಲು ಇಲ್ಲ. ಅವನ ಮಾತನ್ನಷ್ಟೇ ಕೇಳಿದರೆ ಅಲ್ಲಿ ಕೊಲೆಯೇ ನಡೆದಿಲ್ಲ. ಅವಳ ಸಾಕ್ಷಿಯೊಂದೇ ಅವನನ್ನು ಹಿಡಿಯುತ್ತದೆ. ಪಲ್ಲವಿಯಲ್ಲಿ ಅವಳು ಜನ ತನಗಿಟ್ಟ ಕಾಡುಗುಲಾಬಿ ಎಂಬ ಹೆಸರು ಏಕೆಂದು ತಿಳಿಯದು, ನನ್ನ ಹೆಸರು ಎಲೈಸಾ ಡೇ ಆಗಿತ್ತು ಎನ್ನುತ್ತಾಳೆ. ಆ ‘ಆಗಿತ್ತು’ ಮೊದಲ ಸಾಲಿನ ಹೊತ್ತಿಗೇ ಬಂದುಬಿಡುತ್ತದೆ. ಕೈಲಿಯ ದನಿ ಇಲ್ಲಿ ತೀರ ತೆಳು, ಬಹುತೇಕ ಉಸಿರು; ಕೇವ್‌ನ ದಪ್ಪ ದನಿಯ ಪಕ್ಕ ಅದು ನಿಲ್ಲುವುದೇ ಕಷ್ಟ ಎನಿಸಬೇಕು, ಎನಿಸುತ್ತದೆ. ತಂತಿವಾದ್ಯಗಳು ಮಾತ್ರ ಸ್ವಲ್ಪ ಹೆಚ್ಚು ಸಿಹಿಯಾದವು. ಈ ಜನಪ್ರಿಯತೆಯ ಬೆನ್ನಲ್ಲೇ 1996ರಲ್ಲಿ ಎಂಟಿವಿಯವರು ಕೇವ್‌ನನ್ನು ವರ್ಷದ ಗಾಯಕ ಪ್ರಶಸ್ತಿಗೆ ನಾಮನಿರ್ದೇಶನ ಮಾಡಿದಾಗ, ತನ್ನ ಕಾವ್ಯದೇವತೆ ಪಂದ್ಯದ ಕುದುರೆಯಲ್ಲ ಎಂದು ಪತ್ರ ಬರೆದು ಹೆಸರು ವಾಪಸು ತೆಗೆಸಿಕೊಂಡ.

‘ದಿ ಕರ್ಸ್ ಆಫ್ ಮಿಲ್‌ಹೇವನ್’ ಅದರ ಬೆನ್ನಿಗೇ ಇರುವುದು ಒಳ್ಳೆಯ ಜೋಡಣೆ. ಇಲ್ಲಿ ಹೇಳುವವಳು ಹದಿನೈದರ ಹೊಸ್ತಿಲಲ್ಲಿರುವ ಲೊರೆಟ್ಟಾ. ಲಾಟಿ ಎಂದರೆ ಇಷ್ಟ ಎನ್ನುತ್ತಾಳೆ. ಸಣ್ಣ, ಕ್ಷುದ್ರ, ಚಳಿಯ ಊರು. ಕಲ್ಲು ತುಂಬಿದ ಜೇಬಿನೊಂದಿಗೆ ತೊರೆಯಲ್ಲಿ ಸಿಕ್ಕ ಹುಡುಗ, ಮೇಯರ್ ಮನೆಯ ಕಾರಂಜಿಯಲ್ಲಿ ತೇಲಿದ ತಲೆ, ಬಾಗಿಲಿಗೆ ಮೊಳೆ ಹೊಡೆದ ಪ್ರೊಫೆಸರರ ನಾಯಿ ಎಂದು ಒಂದೊಂದಾಗಿ ಊರ ಸುದ್ದಿ ಹೇಳುತ್ತ ಹೋಗುತ್ತಾಳೆ. ಊರೆಲ್ಲ ದುಃಖಿಸಿದಾಗ ಅವಳೂ ದುಃಖಿಸುತ್ತಾಳೆ. ಅರ್ಧ ದಾರಿ ದಾಟುವವರೆಗೆ ಅವಳು ನೆರೆಮನೆಯ ಮಾತುಗಾರ್ತಿ ಅಷ್ಟೇ. ಇರಿತಕ್ಕೊಳಗಾದ ಮುದುಕಿಯೊಬ್ಬಳು ಉಸಿರಿರುವಾಗಲೇ ಬೆರಳು ತೋರಿಸಿದ ಮೇಲೆ ಕಥೆ ತಿರುಗುತ್ತದೆ, ನಂತರ ಲಾಟಿ ಪೊಲೀಸರಿಗೆ ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳುತ್ತಾಳೆ. ದೇವರ ಮಕ್ಕಳೆಲ್ಲ ಸಾಯಲೇಬೇಕು ಎಂಬ ಪಲ್ಲವಿ ಶುರುವಿನಲ್ಲಿ ಚರ್ಚಿನ ಸಾಂತ್ವನದಂತೆ ಕೇಳಿಸಿ ಕೊನೆಯಲ್ಲಿ ಬೆದರಿಕೆಯಾಗುತ್ತದೆ. ಪಾನಗೋಷ್ಠಿಯಲ್ಲಿ ಮೇಜು ಕುಟ್ಟುತ್ತ ಹಾಡುವಂಥ ಓಟ, ಜಾತ್ರೆಯ ರಾಟೆಯಂತೆ ತಿರುಗುವ ಆರ್ಗನ್. ಏಳು ನಿಮಿಷ ಹೋದದ್ದೇ ತಿಳಿಯುವುದಿಲ್ಲ. ಆಲ್ಬಮಿನಲ್ಲಿ ಮತ್ತೆ ಮತ್ತೆ ಕೇಳಬೇಕೆನಿಸುವ ಹಾಡು ಯಾವುದು ಎಂದರೆ ನನ್ನ ಮತ ಇದಕ್ಕೆ.

‘ದಿ ಕೈಂಡ್‌ನೆಸ್ ಆಫ್ ಸ್ಟ್ರೇಂಜರ್ಸ್’ ಎಲ್ಲಕ್ಕಿಂತ ಕಂಟ್ರಿ ಹಾಡು. ಅರ್ಕಾನ್ಸಸ್‌ನ ಬಡ ಹುಡುಗಿ ಮೇರಿ ಬೆಲೋಸ್ ಸಮುದ್ರ ನೋಡಲು ಹೊರಟು, ದಾರಿಯಲ್ಲಿ ರಿಚರ್ಡ್ ಸ್ಲೇಡ್ ಎಂಬವನನ್ನು ಭೇಟಿಯಾಗುತ್ತಾಳೆ. ಹೋಟೆಲಿನಲ್ಲಿ ಒಮ್ಮೆ ಬಾಗಿಲು ಮುಚ್ಚಿಕೊಳ್ಳುತ್ತಾಳೆ, ಒಂಟಿತನ ತಾಳದೆ ತೆರೆಯುತ್ತಾಳೆ. ಹೆಣವನ್ನು ಮೊದಲ ಚರಣದಲ್ಲೇ ತೋರಿಸಿಬಿಟ್ಟಿರುವುದರಿಂದ ಬಾಗಿಲಿನ ಆ ಗಳಿಗೆ ಸಹಿಸಲಾಗದಷ್ಟು ಉದ್ದವಾಗುತ್ತದೆ. ತಾಯಂದಿರೇ, ಹೆಣ್ಣುಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳಿ ಎಂಬ ಹಳೆಯ ಬೀದಿಹಾಳೆಯ ನೀತಿ ಕೊನೆಗೆ ಬರುತ್ತದೆ. ಸತ್ತವಳ ತಲೆಗೇ ತಪ್ಪು ಕಟ್ಟುವ ನೀತಿ ಅದು. ಆದರೆ ಹಾಡಿನುದ್ದಕ್ಕೂ ಹಿಂದಿನಿಂದ ಗಾಯಕಿ ಅನಿತಾ ಲೇನ್ ಅಳುತ್ತಿರುವುದು ಕೇಳುತ್ತಲೇ ಇರುತ್ತದೆ. ನೀತಿ ಹೇಳುವ ಬಾಯಿ ಒಂದು, ಅಳುವ ಬಾಯಿ ಇನ್ನೊಂದು. ನೀತಿಯನ್ನು ಆ ಅಳು ನಂಬಲು ಬಿಡುವುದಿಲ್ಲ. ಕೆಲವರಿಗೆ ಆ ಅಳು ಅತಿಯಾಯಿತು ಎನಿಸಿದೆ. ಅದನ್ನು ತೆಗೆದರೆ ಉಳಿಯುವುದು ಬರಿಯ ಉಪದೇಶ.

‘ಕ್ರೋ ಜೇನ್’ ಎಂಟನೆಯದು. ಗಣಿ ಕಾರ್ಮಿಕರ ಗುಂಪಿನ ದೌರ್ಜನ್ಯಕ್ಕೆ ಸಿಕ್ಕವಳು ಬಂದೂಕು ಹಿಡಿದು ಸೇಡು ತೀರಿಸಿಕೊಳ್ಳುತ್ತಾಳೆ. ಕಥೆ ಬಲವಾದದ್ದು, ಹೇಳುವ ರೀತಿ ದೂರದ್ದು. ಲಾಟಿಗೆ ಸಿಕ್ಕ ‘ನಾನು’ ಜೇನ್‌ಗೆ ಸಿಗಲಿಲ್ಲ. ಯಾರೋ ಕುರ್ಚಿಯಲ್ಲಿ ಒರಗಿ ಕೂತು ಹೇಳಿದಂತಿದೆ, ಬೇಸ್ ಮತ್ತು ಡ್ರಮ್ ಕೂಡ ಒರಗಿಯೇ ನುಡಿಯುತ್ತವೆ. ಹತ್ತರಲ್ಲಿ ಹೆಣ್ಣು ಕೊಲ್ಲುವ ಮೂರು ಹಾಡುಗಳ ಪೈಕಿ ಅವಳ ಸಿಟ್ಟಿಗೆ ಅತಿ ಹೆಚ್ಚು ಕಾರಣವಿರುವುದು ಇದರಲ್ಲಿ, ಅವಳ ಮಾತು ಅತಿ ಕಡಿಮೆ ಕೇಳುವುದೂ ಇದರಲ್ಲೇ. ಆಲ್ಬಮಿನ ದೊಡ್ಡ ತಪ್ಪು ಇದು ಎಂದು ನನ್ನ ಅಭಿಪ್ರಾಯ.

ಈಗ ‘ಓ’ಮ್ಯಾಲೀಸ್ ಬಾರ್’. 14 ನಿಮಿಷ 28 ಸೆಕೆಂಡು, ಪಲ್ಲವಿ ಇಲ್ಲ. ಒಬ್ಬ ಮನುಷ್ಯ ತನ್ನದೇ ಊರಿನ ಬಾರಿಗೆ ಹೋಗಿ ಒಂದು ಪಾನೀಯ ಕುಡಿದು, ಪರಿಚಯದವರನ್ನೇ ಹೆಸರು ಹಿಡಿದು ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಬಾರಿನ ಮಾಲೀಕ, ಅವನ ಹೆಂಡತಿ, ಮಗಳು ಶಿವಾನ್, ಕ್ಯಾಫ್ರಿ, ಹೋಮ್ಸ್ ದಂಪತಿ, ಜೆರಿ ಬೆಲೋಸ್, ಹೀಗೆ. ಮೂವತ್ತು ವರ್ಷದಿಂದ ಇದೇ ಊರಿನವನು ನಾನು, ಅಪರಿಚಿತನಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಹಿಂದಿನ ಹಾಡುಗಳಲ್ಲಿ ಅಪರಿಚಿತರಿಂದ ದೂರವಿರಿ ಎಂಬ ಎಚ್ಚರಿಕೆ ಕೇಳಿ ಬಂದವರಿಗೆ ಇದು ಎದುರುತ್ತರ. ಅವನ ಬಾಯಿಯ ವಿಶೇಷ ಅಂದರೆ ತನ್ನ ಬಗೆಗಿನ ಮೋಹ. ತಾನು ಎತ್ತರ, ತೆಳ್ಳಗೆ, ಒಂದು ಕೋನದಿಂದ ಒಂದು ಬೆಳಕಿನಲ್ಲಿ ನೋಡಿದರೆ ಚೆಲುವ. ಕೊಲ್ಲುವ ನಡುವೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾನೆ. ಹಕ್ಕಿಯಂತಿರುವ ಬ್ರೂಕ್ಸ್‌ನನ್ನು ಕಂಡು ಗುಬ್ಬಿಗಳ ನಡುವಿನ ಸಂತ ಫ್ರಾನ್ಸಿಸ್ ನೆನಪಾಗುತ್ತಾನೆ, ಯುವಕ ರಿಚರ್ಡ್‌ಸನ್‌ಗೆ ಗುಂಡು ಹಾರಿಸುವಾಗ ಬಾಣ ನೆಟ್ಟ ಸಂತ ಸೆಬಾಸ್ಟಿಯನ್. ಕೊಲೆಯನ್ನು ಚಿತ್ರಕಲೆಯಂತೆ ನೋಡುವ ಕಣ್ಣು. ಹೊರಗೆ ಪೊಲೀಸರು ಧ್ವನಿವರ್ಧಕದಲ್ಲಿ ಕೂಗಿದಾಗ ಉಳಿದ ಒಂದು ಗುಂಡನ್ನು ತನಗಿಟ್ಟುಕೊಳ್ಳುವ ಯೋಚನೆ ಮಾಡಿ, ಬೇಡವೆಂದು ಶರಣಾಗುತ್ತಾನೆ. ಪೊಲೀಸ್ ಕಾರಿನಲ್ಲಿ ಕೂತು ಬೆರಳು ಮಡಿಸಿ ಎಣಿಸತೊಡಗುತ್ತಾನೆ, ಆ ಎಣಿಕೆಯೊಂದಿಗೆ ಹಾಡು ಮುಗಿಯುತ್ತದೆ.

ಇಷ್ಟು ಉದ್ದದ ಹಾಡು ಕುಸಿಯದಿರುವುದು ಹೇಗೆ? ಕೀಲಿಮಣೆ ಮತ್ತು ಬೇಸ್ ಒಂದು ಸಣ್ಣ ಸುತ್ತನ್ನು ಬಿಟ್ಟು ಕದಲುವುದಿಲ್ಲ, ಏರುಪೇರೆಲ್ಲ ಕೇವ್‌ನ ಬಾಯಲ್ಲಿ. ಮಾತಾಡುತ್ತಾನೆ, ಹಾಡುತ್ತಾನೆ, ಮುಲುಗುತ್ತಾನೆ, ಗುರುಗುಟ್ಟುತ್ತಾನೆ, ಪ್ರಾಸ ಬರುವ ಜಾಗವನ್ನು ಅರೆಗಳಿಗೆ ತಡಮಾಡಿ ಬಂದೂಕಿನಂತೆ ಬಳಸುತ್ತಾನೆ. ಸಮಸ್ಯೆಯೂ ಅಲ್ಲೇ ಇದೆ. ಎಂಟು ಒಂಬತ್ತನೆಯ ನಿಮಿಷದ ಆಸುಪಾಸಿನಲ್ಲಿ ಸಾವು ಪಟ್ಟಿಯಾಗತೊಡಗುತ್ತದೆ, ಕೇಳುಗನ ಕಿವಿ ಮರಗಟ್ಟುತ್ತದೆ. ಅದು ಉದ್ದೇಶಪೂರ್ವಕ ಎಂದು ಸಮರ್ಥಿಸಬಹುದು, ಕೊಲೆಗಾರನಿಗೂ ಮರಗಟ್ಟಿದೆ ಎಂದು. ಆದರೂ ಇಬ್ಬರನ್ನು ಕಡಿಮೆ ಕೊಂದಿದ್ದರೆ ಹಾಡಿಗೆ ಬಲ ಹೆಚ್ಚುತ್ತಿತ್ತು.

ಕೊನೆಯದು ಬಾಬ್ ಡಿಲನ್‌ನ ‘ಡೆತ್ ಈಸ್ ನಾಟ್ ದಿ ಎಂಡ್’, ಡಿಲನ್ 1988ರಲ್ಲಿ ಹೊರತಂದ ಹಾಡು. ಇಲ್ಲಿ ಯಾರೂ ಸಾಯುವುದಿಲ್ಲ. ಕೈಲಿ, ಪಿಜೆ ಹಾರ್ವಿ, ಅನಿತಾ ಲೇನ್, ಬಾರ್ಗೆಲ್ಡ್, ಶೇನ್ ಮ್ಯಾಕ್‌ಗೊವನ್, ಡ್ರಮ್ಮರ್ ಥಾಮಸ್ ವೀಡ್ಲರ್ ಸರದಿಯಲ್ಲಿ ಒಂದಿಷ್ಟು ಸಾಲು ಹಾಡುತ್ತಾರೆ. ನಾಟಕ ಮುಗಿದ ಮೇಲೆ ಸತ್ತ ಪಾತ್ರಗಳೆಲ್ಲ ಎದ್ದು ಬಂದು ಸಾಲಾಗಿ ನಿಂತಂತೆ. ಸಾವು ಕೊನೆಯಲ್ಲ ಎಂಬ ಮಾತು ಒಂಬತ್ತು ಹಾಡುಗಳ ನಂತರ ಸಮಾಧಾನವೂ ಹೌದು, ಇನ್ನೂ ಕೇಡು ಬಾಕಿಯಿದೆ ಎಂಬ ಸೂಚನೆಯೂ ಹೌದು.

ತಂಡದ ಬಗ್ಗೆ ಒಂದು ಮಾತು. ಮಿಕ್ ಹಾರ್ವಿ, ಬಾರ್ಗೆಲ್ಡ್, ಕೇಸಿ, ಕಾನ್ವೇ ಸಾವೇಜ್, ವೀಡ್ಲರ್, ಜಿಮ್ ಸ್ಕ್ಲಾವುನೋಸ್ ನುಡಿಸಿದ್ದಾರೆ. ಮುಂದೆ ತಂಡದ ಬೆನ್ನೆಲುಬಾದ ವಾರನ್ ಎಲಿಸ್ ಇಲ್ಲಿ ಅತಿಥಿ. ನಿರ್ಮಾಣದಲ್ಲಿ ಬ್ಯಾಡ್ ಸೀಡ್ಸ್ ಜೊತೆ ಟೋನಿ ಕೋಹೆನ್ ಮತ್ತು ವಿಕ್ಟರ್ ವ್ಯಾನ್ ವ್ಯೂಗ್ಟ್. ಕೇವ್‌ನ ದನಿಯನ್ನು ಮೈಕಿಗೆ ತೀರ ಹತ್ತಿರವಿಟ್ಟು, ವಾದ್ಯಗಳಿಗೆ ಹಿಂದೆ ಜಾಗ ಬಿಟ್ಟಿದ್ದಾರೆ. ಗೋಡೆಯಂತೆ ಮೇಲೆ ಬೀಳುವ ಗಿಟಾರ್ ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗುತ್ತದೆ.

ಇದರಿಂದಲೇ ಕೇಳುವ ಸಾಧನದ ಪ್ರಶ್ನೆ ಬರುತ್ತದೆ. ಮೊಬೈಲಿನ ಸ್ಪೀಕರ್ ಕೆಳಗಿನ ಸ್ವರಗಳನ್ನು ಬಹುತೇಕ ಕೊಡುವುದೇ ಇಲ್ಲ. ‘ಸ್ಟಾಗರ್ ಲೀ’ಯಲ್ಲಿ ಬೇಸ್ ಹೋದರೆ ಉಳಿಯುವುದು ಬೈಗುಳ ಮತ್ತು ಪಿಯಾನೋ ಗುದ್ದು ಮಾತ್ರ. ಓಡುವ ಕಾರಿನಲ್ಲಿ ಟೈರು, ಇಂಜಿನಿನ ಗುಂಯ್‌ಗುಡುವಿಕೆ ಅದೇ ಕೆಳದನಿಯನ್ನು ನುಂಗುತ್ತದೆ, ಮೊದಲ ಹಾಡಿನ ಪಿಸುಮಾತು ಕೇಳಲೆಂದು ದನಿ ಏರಿಸಿದರೆ ಎರಡನೆಯ ಹಾಡು ಕಿವಿಗೆ ಅಪ್ಪಳಿಸುತ್ತದೆ. ಸಾಧಾರಣ ತಂತಿಯ ಹೆಡ್‌ಫೋನ್ ಸಾಕು, ಕಿವಿ ಪೂರ್ತಿ ಮುಚ್ಚುವಂಥದ್ದಾದರೆ ಒಳ್ಳೆಯದು. ಆಪ್‌ನಲ್ಲಿ ಕೇಳುವವರು ಹಾಡುಗಳ ಕ್ರಮ ಕಲಸುವ ಷಫಲ್ ಬಂದ್ ಮಾಡಿ. ಹಾಡಿನಿಂದ ಹಾಡಿಗೆ ಜಾರಿಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ಬಂದ್ ಮಾಡಿ, ಇಲ್ಲದಿದ್ದರೆ ಅನಿತಾ ಲೇನ್‌ಳ ಬಿಕ್ಕಳಿಕೆಯ ಮೇಲೆ ಮುಂದಿನ ಹಾಡು ಹತ್ತಿ ಕೂರುತ್ತದೆ. ಸಾಹಿತ್ಯ ಓದುತ್ತ ಕೇಳಬೇಕು. ಮೊದಲ ಸಲ ಎಂಟು ಹಾಡಿಗೆ ನಿಲ್ಲಿಸಿ, ಬೇರೆ ದಿನ ಕೊನೆಯ ಎರಡನ್ನು ಒಟ್ಟಿಗೆ ಕೇಳಿದರೆ ಒಂಬತ್ತನೆಯ ಹಾಡಿಗೆ ಕಿವಿ ತಾಜಾ ಇರುತ್ತದೆ.

ಕೊಳ್ಳುವವರಿಗೆ: ವಿನೈಲ್‌ನಲ್ಲಿ ಒಂದೇ ತಟ್ಟೆಯದೂ ಇದೆ, ಎರಡು ತಟ್ಟೆಯದೂ ಇದೆ. ಒಂದೇ ತಟ್ಟೆಯಲ್ಲಿ 58 ನಿಮಿಷ ಹಿಡಿಸಬೇಕಾದರೆ ಬದಿಗೆ ಸರಾಸರಿ 29 ನಿಮಿಷ ಬೀಳುತ್ತದೆ. 33⅓ ವೇಗದಲ್ಲಿ ಆರಾಮವಾಗಿ ಕೂರುವುದು 20-22 ನಿಮಿಷ. ಹೆಚ್ಚು ತುಂಬಿದಷ್ಟೂ ಗೀರುಗಳು ಹತ್ತಿರವಾಗಬೇಕು, ಹತ್ತಿರವಾಗಲು ದನಿಯ ಮಟ್ಟ ಇಳಿಸಿ ಬೇಸ್ ಕಡಿಯಬೇಕು, ಇಳಿದ ದನಿಯ ಪಕ್ಕ ತಟ್ಟೆಯ ಚಟಪಟ ಎದ್ದು ಕೇಳುತ್ತದೆ. ನಡುವಿನ ಲೇಬಲ್ ಹತ್ತಿರ ಬಂದಂತೆ ಮುಳ್ಳಿನಡಿ ಗೀರು ಓಡುವ ವೇಗವೂ ಇಳಿದು ‘ಸ’ಕಾರಗಳು ಒಡೆಯುತ್ತವೆ; ಈ ಆಲ್ಬಮಿನಲ್ಲಿ ಆ ಜಾಗದಲ್ಲಿರುವುದು ಎಲ್ಲರೂ ಸೇರಿ ಹಾಡುವ ಕೊನೆಯ ಹಾಡು. ಎರಡು ತಟ್ಟೆಯ ಮುದ್ರಣಕ್ಕೆ ಹೆಚ್ಚು ಹಣ ಕೊಡುವುದು ಸಾರ್ಥಕ, ನಡುನಡುವೆ ಎದ್ದು ಬದಿ ತಿರುಗಿಸುವ ಕೆಲಸವಿದ್ದರೂ. ಹಳೆಯ ತಟ್ಟೆ ಕೊಳ್ಳುವಾಗ ಚಿತ್ರ ನೋಡಿ ಮರುಳಾಗದೆ ಒಳಗೆ ಎಷ್ಟು ತಟ್ಟೆ ಎಂದು ಕೇಳಿ.

ಸಿಡಿಗೆ ಈ ತೊಂದರೆಗಳಿಲ್ಲ, ಮಗ್ಗುಲು ಬದಲಿಸದೆ ಒಂದೇ ಓಟದಲ್ಲಿ ಕೇಳಬಹುದು. 2011ರ ಮರುಮುದ್ರಣದಲ್ಲಿ ಸಿಡಿ ಜೊತೆ ಒಂದು ಡಿವಿಡಿ ಇದೆ, ಅದರಲ್ಲಿ 5.1 ಮಿಶ್ರಣ ಉಂಟು. ಮನೆಯಲ್ಲಿ ಐದು ಸ್ಪೀಕರಿನ ವ್ಯವಸ್ಥೆ ಇಲ್ಲದವರು ಅದಕ್ಕಾಗಿ ಹುಡುಕಾಡಬೇಕಿಲ್ಲ. ಹುಡುಕಬೇಕಾದದ್ದು ಸಿಂಗಲ್‌ಗಳ ಹಿಂಬದಿಯಲ್ಲಿ ಉಳಿದ ಹಾಡುಗಳನ್ನು. ಅವು 2005ರ ‘ಬಿ-ಸೈಡ್ಸ್ ಅಂಡ್ ರೇರಿಟೀಸ್’ ಎಂಬ ಮೂರು ಸಿಡಿಗಳ ಸಂಗ್ರಹದಲ್ಲೂ ಸಿಗುತ್ತವೆ; ‘ನಾಕ್ಸ್‌ವಿಲ್ ಗರ್ಲ್’ ಕೇವ್ ದನಿಯಲ್ಲಿ ಅಲ್ಲಿದೆ.

ಆ ಸಂಗ್ರಹದಲ್ಲಿ ‘ದಿ ವಿಲೋ ಗಾರ್ಡನ್’ ಕೂಡ ಇದೆ. ಕಾನ್ವೇ ಸಾವೇಜ್ ಹಾಡಿದ್ದು, ಕೈಲಿಯ ಹಾಡಿಗೆ ಬೀಜವಾದ ಹಳೆಯ ಲಾವಣಿ. ಕೊಂದವನು ಗಲ್ಲುಗಂಬದ ಬಳಿ ನಿಂತು ಎಲ್ಲವನ್ನೂ ತಾನೇ ಹೇಳುತ್ತಾನೆ: ವಿಷದ ದ್ರಾಕ್ಷಾರಸ, ಕಠಾರಿ, ನದಿ, ಹಣವಿದ್ದರೆ ಬಿಡುಗಡೆ ಆಗುತ್ತದೆ ಎಂದಿದ್ದ ಅಪ್ಪ, ಈಗ ಗುಡಿಸಲ ಬಾಗಿಲಲ್ಲಿ ಕಣ್ಣೀರು ಒರೆಸುತ್ತ ನೋಡುತ್ತಿರುವ ಅದೇ ಅಪ್ಪ. ಸತ್ತ ರೋಸ್ ಕಾನಲಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಮೊದಲು ಅದನ್ನು ಕೇಳಿ, ತಕ್ಷಣ ಆಲ್ಬಮಿನ ಐದನೆಯ ಹಾಡನ್ನು ಹಾಕಿ. ವಾದ್ಯಗಳ ಪ್ರವೇಶ ಮುಗಿದು ಬಾಯಿ ತೆರೆಯುವ ಮೊದಲ ದನಿ ಎಲೈಸಾಳದು.